ಚಾಗ, ಮಂಜಿನನಾರು, ಮೌರ್ವಿ

ನಾರಾಯಣಪೇಟೆ, ಮಕ್ತಲದ ಮಂದಿ ಈಗ ಕುಂಡದಾಗ ಇಡೋ ಸ್ನೇಕ್ ಪ್ಲಾಂಟ್ ಆಫ್ರಿಕಾದ್ದು. ಅದರ ದಾಯಾದಿಯೊಂದು ನಮ್ಮ ದೇಶದ್ದೇ. ತೆಲುಗರು ಚಾಗ ಅಂತಾರ, ಕನ್ನಡದಲ್ಲಿ ಮಂಜಿನನಾರು. ಎಲೆಯಿಂದ ತೆಗೆದ ನಾರು ಬಿಲ್ಲಿನ ಹೆದೆಗೆ ಬರುತ್ತಿತ್ತು. ಸಂಸ್ಕೃತದ ಮೂರ್ವಾ ಇದೇ ಎಂದು ಹಲವರ ಮತ. ಪಂಡಿತರಲ್ಲಿ ಜಗಳವೂ ಉಂಟು. ಹೆದೆಗೆ ಮೌರ್ವಿ ಎಂಬ ಹೆಸರು ಬಂದದ್ದು ಮೂರ್ವಾದಿಂದ. ಮನುಸ್ಮೃತಿ ಕ್ಷತ್ರಿಯ ವಟುವಿಗೆ ಹೇಳುವ ಉಡಿದಾರವೂ ಅದರದೇ.

ಸಾಮಲಕೋಟೆಯಲ್ಲಿದ್ದ ರಾಕ್ಸ್‌ಬರ್ಗ್ ಸಾಹೇಬ ಈ ನಾರಿನ ಬಗ್ಗೆ ಬರೆದ; ಗಿಡಕ್ಕೆ ಅವನ ಹೆಸರೇ ಅಂಟಿತು. ಈಚೆಗೆ ಶಾಸ್ತ್ರಜ್ಞರು ಸ್ಯಾನ್ಸೆವೇರಿಯಾ ಕುಲವನ್ನೇ ಡ್ರಸೀನಾಕ್ಕೆ ಸೇರಿಸಿದರು. ನಮಗೇನು ಹೊಸದು? 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಗದ್ವಾಲ ಆಂಧ್ರಕ್ಕೆ ಸೇರಿತಲ್ಲ!

ಚಾಗ ಕಂಡರೂ ಸಾಲಿ ಮಕ್ಕಳು ಸ್ನೇಕ್ ಪ್ಲಾಂಟ್ ಅಂತಾರ. ನಾ ತಿದ್ದಿ, ಮಂಜಿನನಾರು ಅಂತ ಬರೆಸ್ತೀನಿ.