ಝಾತರ್: ಗುಡ್ಡದ ಸೊಪ್ಪಿಗೆ ಕಾನೂನಿನ ಬೇಲಿ

ಕೊಲ್ಲಿಯಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಖರ್ಜೂರ, ಹಾಲಿನ ಪುಡಿ, ಅತ್ತರುಗಳ ನಡುವೆ ಕೆಲವೊಮ್ಮೆ ಹಸಿರು ಪುಡಿಯ ಒಂದು ಪೊಟ್ಟಣವೂ ಇರುತ್ತದೆ. ಏನು ಮಾಡಬೇಕೆಂದು ತಿಳಿಯದೆ ನಮ್ಮ ಕರಾವಳಿಯ ಮನೆಗಳಲ್ಲಿ ಅದನ್ನು ಡಬ್ಬಿಗೆ ಹಾಕಿಟ್ಟು ಮರೆತುಬಿಡುವುದೂ ಉಂಟು. ಆದರೆ ಮೂಸಿ ನೋಡಿದರೆ ಪರಿಮಳ ಅಪರಿಚಿತವೆನಿಸದು. ಓಮ ಕಾಳನ್ನು ಅಂಗೈಯಲ್ಲಿ ತಿಕ್ಕಿದಾಗ ಬರುವ ಘಾಟು ನೆನಪಾಗುತ್ತದೆ. ಇದುವೇ ಝಾತರ್.

ಅರಬಿಯಲ್ಲಿ ಝಾತರ್ ಒಂದು ಗಿಡದ ಹೆಸರೂ ಹೌದು, ಆ ಗಿಡದ ಒಣ ಸೊಪ್ಪಿಗೆ ಎಳ್ಳು, ಉಪ್ಪು, ಸುಮಾಕ್ ಎಂಬ ಹುಳಿ ಹಣ್ಣಿನ ಪುಡಿ ಬೆರೆಸಿದ ಮಿಶ್ರಣದ ಹೆಸರೂ ಹೌದು. ಇಂಗ್ಲಿಷಿನವರು ಇದನ್ನು ಸಾಮಾನ್ಯವಾಗಿ ಥೈಮ್ ಎಂದು ಅನುವಾದಿಸುತ್ತಾರೆ. ಸಸ್ಯಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಪ್ಯಾಲೆಸ್ತೀನ್, ಲೆಬನಾನ್, ಸಿರಿಯಾ, ಜೋರ್ಡಾನ್‌ಗಳ ಗುಡ್ಡಗಳಲ್ಲಿ ಬೆಳೆಯುವ ಮುಖ್ಯ ಝಾತರ್, ಥೈಮ್‌ನ ಹತ್ತಿರದ ಬಂಧುವಾದ ಒರಿಗಾನಮ್ ಸಿರಿಯಾಕಮ್. ಹಳ್ಳಿಯ ಜನರಾದರೋ ನಿಜವಾದ ಥೈಮ್ ಜಾತಿಯ ಗಿಡಗಳನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಇಲ್ಲಿ ನಾವು ಹಳ್ಳಿಯವರ ಪಕ್ಷ.

ಈ ಸೊಪ್ಪಿನ ದಾಖಲೆ ಬಹಳ ಹಳೆಯದು. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್‌ನ ಗಿಡಮೂಲಿಕೆಗಳ ಗ್ರಂಥವನ್ನು ಒಂಬತ್ತನೇ ಶತಮಾನದ ಬಗ್ದಾದ್‌ನಲ್ಲಿ ಇಸ್ತಿಫಾನ್ ಇಬ್ನ್ ಬಸೀಲ್ ಅರಬಿಗೆ ತಂದ; ಹುನೈನ್ ಇಬ್ನ್ ಇಸ್‌ಹಾಕ್ ಅದನ್ನು ತಿದ್ದಿದ. ಇಬ್ಬರೂ ಕ್ರೈಸ್ತರು. ಸ್ಪೇನಿನ ಮಲಗಾದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನುಲ್ ಬೈತಾರ್ ಸುಮಾರು 1400 ಔಷಧ ದ್ರವ್ಯಗಳ ಕೋಶ ಬರೆದಾಗ ಅದರಲ್ಲಿ 'ಸಾತರ್' ಎಂಬ ಹಳೆಯ ಉಚ್ಚಾರದಲ್ಲಿ ಇದಕ್ಕೂ ಸ್ಥಾನ ಸಿಕ್ಕಿತು. ಹತ್ತನೇ ಶತಮಾನದಲ್ಲಿ ಅಲ್ ವರ್ರಾಕ್ ಸಂಗ್ರಹಿಸಿದ ಬಗ್ದಾದ್‌ನ ಅಡುಗೆ ಪುಸ್ತಕದಲ್ಲೂ ಸಾತರ್ ಇದೆ. ಇನ್ನೊಂದು ಸಂಗತಿ ನಮಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅದೇ ಶತಮಾನದಲ್ಲಿ ಬಗ್ದಾದ್‌ನಲ್ಲಿದ್ದ ಯಹೂದಿ ವಿದ್ವಾಂಸ ಸಾದಿಯಾ ಗಾಓನ್ ತೌರಾತನ್ನು ಅರಬಿಗೆ ಅನುವಾದಿಸಿದಾಗ, ಅದರಲ್ಲಿ ಬರುವ 'ಎಝೋವ್' ಎಂಬ ಪವಿತ್ರ ಗಿಡಕ್ಕೆ ಆತ ಬಳಸಿದ ಪದ ಸಾತರ್. ನಮ್ಮ ಕನ್ನಡ ಬೈಬಲ್ಲಿನಲ್ಲಿ ಹಿಸ್ಸೋಪ್ ಎಂದಿರುವುದು ಇದೇ ಎಝೋವ್. ಯಹೂದಿಗೂ ಕ್ರೈಸ್ತನಿಗೂ ಮುಸ್ಲಿಮನಿಗೂ ಒಂದೇ ಗುಡ್ಡದ ಒಂದೇ ಸೊಪ್ಪು.

ಘಾಟಿನ ಗುಟ್ಟು ಥೈಮಾಲ್ ಮತ್ತು ಕಾರ್ವಕ್ರಾಲ್ ಎಂಬ ಎರಡು ರಾಸಾಯನಿಕಗಳಲ್ಲಿದೆ. ನಮ್ಮ ದೊಡ್ಡಪತ್ರೆಯಲ್ಲೂ ಓಮದಲ್ಲೂ ಇರುವುದು ಇವೇ. ಥೈಮ್‌ನ ಎಣ್ಣೆಯಿಂದ ಥೈಮಾಲನ್ನು ಮೊದಲು ಬೇರ್ಪಡಿಸಿದವನು ಜರ್ಮನಿಯ ಕಾಸ್ಪರ್ ನಾಯ್ಮನ್, 1719ರಲ್ಲಿ. ಆದರೆ ಥೈಮ್‌ಗಿಂತ ನಮ್ಮ ಓಮದಿಂದಲೇ ಅದು ಧಾರಾಳವಾಗಿ ಸಿಗುತ್ತದೆಂದು ಕಾರ್ಖಾನೆಗಳಿಗೆ ಮುಂದೆ ಗೊತ್ತಾಯಿತು. ಕೊಕ್ಕೆಹುಳುವಿನ ರೋಗಕ್ಕೆ ಥೈಮಾಲ್ ಮುಖ್ಯ ಮದ್ದಾಗಿದ್ದ ದಿನಗಳವು. ಮೊದಲ ಮಹಾಯುದ್ಧದವರೆಗೂ ಭಾರತದ ಓಮ ಕಾಳು ಜರ್ಮನಿಗೆ ಹಡಗೇರಿ, ಅಲ್ಲಿ ಥೈಮಾಲ್ ಆಗಿ ಜಗತ್ತಿಗೆ ಮಾರಾಟವಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ದಾರಿ ಕಟ್ಟಿದಾಗಲೇ, ಇಲ್ಲಿಯ ಕಾಳಿನಿಂದ ಇಲ್ಲಿಯೇ ಮದ್ದು ಮಾಡಬಹುದಲ್ಲವೇ ಎಂಬುದು ಆಳುವವರಿಗೆ ಹೊಳೆದದ್ದು! ಮಗುವಿನ ಹೊಟ್ಟೆನೋವಿಗೆ ಓಮದ ನೀರು ಕುಡಿಸುತ್ತಿದ್ದ ನಮ್ಮ ಅಜ್ಜಿಯಂದಿರನ್ನು ಯಾರೂ ಕೇಳಿರಲಿಲ್ಲ.

ಇಂದಿಗೂ ಬಾಯಿ ಮುಕ್ಕಳಿಸುವ ಲಿಸ್ಟರಿನ್‌ನಂಥ ದ್ರವಗಳಲ್ಲಿ, ಕೆಲವು ಹಲ್ಲುಪೇಸ್ಟು, ಸಾಬೂನುಗಳಲ್ಲಿ ಥೈಮಾಲ್ ಇದೆ. ಕಫದ ಕೆಮ್ಮಿಗೆ ಥೈಮ್ ಸೊಪ್ಪಿನ ಸಾಂಪ್ರದಾಯಿಕ ಬಳಕೆಯನ್ನು ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯೂ ಒಪ್ಪಿದೆ. ಹಾಗೆಂದು ಅಪ್ಪಟ ಥೈಮ್ ಎಣ್ಣೆಯನ್ನು ಮೊಡವೆಗೆ ಹಚ್ಚಿಕೊಳ್ಳುವ ಸಾಹಸ ಬೇಡ, ಚರ್ಮ ಸುಟ್ಟೀತು.

ಪ್ಯಾಲೆಸ್ತೀನಿಯನ್ನರಿಗೆ ಮಾತ್ರ ಝಾತರ್ ಮದ್ದಿಗಿಂತ ಮೊದಲು ಊಟ. ವಸಂತದಲ್ಲಿ ಹೆಂಗಸರು ಮಕ್ಕಳೊಂದಿಗೆ ಗುಡ್ಡ ಹತ್ತಿ, ಬೇರು ಕೀಳದೆ ಎಳೆಯ ತುದಿಗಳನ್ನು ಕೊಯ್ದು ತರುತ್ತಾರೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಈ ಪುಡಿಗೆ ಒತ್ತಿದರೆ ಬಡವನ ಬೆಳಗಿನ ಉಪಾಹಾರ ಸಿದ್ಧ. ಪರೀಕ್ಷೆಯ ದಿನ ಝಾತರ್ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆಂದು ತಾಯಂದಿರ ನಂಬಿಕೆ. ಹಿಟ್ಟಿನ ಮೇಲೆ ಇದನ್ನೇ ಸವರಿ ಒಲೆಯಲ್ಲಿ ಸುಡುವ ಲೆಬನಾನಿನ ಮನಾಕೀಶ್ 2023ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿತು.

ಬೈರೂತಿನ ಹೊರವಲಯದಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರ ಒಂದು ಶಿಬಿರವಿತ್ತು. ಹೆಸರು ತಲ್ ಅಲ್ ಝಾತರ್, ಅಂದರೆ ಝಾತರ್ ದಿಬ್ಬ. ಲೆಬನಾನಿನ ಅಂತರ್ಯುದ್ಧದಲ್ಲಿ ವಾರಗಟ್ಟಲೆ ಮುತ್ತಿಗೆಗೆ ಸಿಲುಕಿ, 1976ರ ಆಗಸ್ಟ್ 12ರಂದು ಅದು ಬಿತ್ತು. ಸತ್ತವರು ಸಾವಿರಕ್ಕೂ ಮಿಕ್ಕಿ. ಮಹಮೂದ್ ದರ್ವೇಶ್ ಆ ನೆನಪಿನಲ್ಲಿ ಬರೆದ ಕವಿತೆಯ ನಾಯಕನ ಹೆಸರೇ ಅಹ್ಮದ್ ಝಾತರ್. ಸೊಪ್ಪಿನ ಹೆಸರು ಹೀಗೆ ಶೋಕದ ಹೆಸರೂ ಆಯಿತು.

ಮರುವರ್ಷ, 1977ರಲ್ಲಿ, ಇಸ್ರೇಲ್ ಝಾತರನ್ನು ಸಂರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿ ಕಾಡಿನಿಂದ ಕೊಯ್ಯುವುದನ್ನು ಅಪರಾಧವಾಗಿಸಿತು. ಆಗ ಕೃಷಿ ಸಚಿವರಾಗಿದ್ದವರು ಏರಿಯಲ್ ಶರೋನ್. ಎರಡು ಘಟನೆಗಳಿಗೂ ನಾವು ಗಂಟು ಹಾಕುತ್ತಿಲ್ಲ. ಮಾರಾಟಕ್ಕಾಗಿ ಮಿತಿಮೀರಿ ಕೊಯ್ದರೆ ಗಿಡ ನಾಶವಾದೀತೆಂಬುದು ಸರಕಾರದ ವಾದ; ಆ ಆತಂಕವನ್ನು ಸುಳ್ಳೆಂದು ತಳ್ಳಿಹಾಕಲಾಗದು. ಆದರೆ ನ್ಯಾಯಾಲಯದ ಕಟಕಟೆ ಹತ್ತಿದವರು ಬಹುತೇಕ ಅರಬರೇ ಎಂಬುದಕ್ಕೆ ಸಸ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ಶತಮಾನಗಳಿಂದ ತುದಿ ಕೊಯ್ದು ಬೇರು ಉಳಿಸಿದವರನ್ನು ಕರೆದು ಮಾತಾಡಿಸದೆ, ಅವರ ಚೀಲ ತಪಾಸಣೆ ಮಾಡುವುದು ಯಾವ ಬಗೆಯ ಪರಿಸರ ಪ್ರೇಮ? ಕಾಡಿನ ಝಾತರ್ ನಿಷಿದ್ಧವಾಗಿದ್ದ ಅದೇ ನಾಡಿನಲ್ಲಿ ಹೊಲದಲ್ಲಿ ಬೆಳೆದ ಝಾತರ್ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇತ್ತು. ಹೆತ್ತವರ ಕಾಲದಿಂದ ಪುಕ್ಕಟೆಯಾಗಿ ಸಿಗುತ್ತಿದ್ದುದಕ್ಕೆ ದುಡ್ಡು ಕೊಡಬೇಕಾಯಿತು, ಇಲ್ಲವೇ ದಂಡ ತೆರಬೇಕಾಯಿತು.

2019ರಲ್ಲಿ ಅದಾಲಾ ಎಂಬ ಕಾನೂನು ಸಂಸ್ಥೆ ಈ ನಿಷೇಧವನ್ನು ಪ್ರಶ್ನಿಸಿತು. ಆಮೇಲೆ ಮನೆಬಳಕೆಗೆ ಸ್ವಲ್ಪ ಕೊಯ್ಯುವವರ ಮೇಲೆ ಕ್ರಮ ಜರುಗಿಸುವುದರಲ್ಲಿ ಒಂದಿಷ್ಟು ಸಡಿಲಿಕೆ ಬಂತು. ಜುಮಾನಾ ಮನ್ನಾ ಅವರ 2022ರ 'ಫೊರೇಜರ್ಸ್' ಚಿತ್ರದಲ್ಲಿ ಗುಡ್ಡದಲ್ಲಿ ಸೊಪ್ಪು ಅರಸುವ ವೃದ್ಧರನ್ನೂ ಅವರನ್ನು ಹಿಡಿಯಲು ಬರುವ ಕಾವಲುಗಾರರನ್ನೂ ನೋಡಬಹುದು.

ಇತ್ತ ಜೆನಿನ್ ಸುತ್ತಮುತ್ತಲ ರೈತರು ಝಾತರನ್ನು ಸಾಲು ಹಿಡಿದು ಬೆಳೆಯುತ್ತಿದ್ದಾರೆ. ಹೊಲದ ಝಾತರ್‌ನ ಎಲೆ ದೊಡ್ಡದು, ನೀರುಂಡದ್ದು. ಗುಡ್ಡದ ಸೊಪ್ಪಿನ ಖಾರ ಅದರಲ್ಲಿಲ್ಲವೆಂದು ಮುದುಕಿಯರು ಈಗಲೂ ಗೊಣಗುತ್ತಾರಂತೆ.