ನೋಡುವವರು ಎದ್ದು ಬಂದ ನಾಟಕ

ನಮ್ಮ ಪ್ರೌಢಶಾಲೆ ಆರಂಭವಾದ 1970ರ ದಶಕ ರಂಗಭೂಮಿಯ ಇತಿಹಾಸದಲ್ಲೂ ನೆನಪಿಡಬೇಕಾದ ಕಾಲ. ನಮ್ಮ ಕಡೆ ಬಯಲಾಟವಾಗಲಿ, ಕಂಪನಿ ನಾಟಕವಾಗಲಿ, ಆಡುವವರು ಒಂದು ಕಡೆ, ನೋಡುವವರು ಇನ್ನೊಂದು ಕಡೆ. ನೋಡುವವರಲ್ಲೂ ಯಾರು ಎಲ್ಲಿ ಕೂರಬೇಕೆಂಬುದನ್ನು ಎಷ್ಟೋ ಊರುಗಳಲ್ಲಿ ಜಾತಿಯೇ ತೀರ್ಮಾನಿಸುತ್ತಿತ್ತು. ಈ ಗೆರೆಗಳನ್ನು ಅಳಿಸಲು ಆ ದಶಕದಲ್ಲಿ ದೊಡ್ಡ ಪ್ರಯತ್ನಗಳಾದವು.

ಕರ್ನಾಟಕದಲ್ಲಿ 1975ರಲ್ಲಿ ‘ಸಮುದಾಯ’ ತಂಡ ಹುಟ್ಟಿತು. 1977ರಲ್ಲಿ ಬಿಹಾರದ ಬೆಲ್ಚಿ ಗ್ರಾಮದಲ್ಲಿ ದಲಿತರ ಹತ್ಯೆಯಾಯಿತು. ಅದನ್ನು ಕುರಿತ ‘ಬೆಲ್ಚಿ’ ಬೀದಿನಾಟಕವನ್ನು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ಸಮುದಾಯ ಜನರ ನಡುವೆ ಆಡಿತು. ವೇದಿಕೆ ಇಲ್ಲ, ಪರದೆ ಇಲ್ಲ. ಜನ ಸುತ್ತಲೂ ನಿಂತು ನೋಡಿದರು. ಆದರೂ ಮಾತು ನಟರದೇ ಆಗಿತ್ತು.

ಅದನ್ನೂ ನೋಡುವವರ ಕೈಗೆ ಕೊಟ್ಟವರು ಬ್ರೆಜಿಲ್‌ನ ಅಗಸ್ಟೊ ಬೋಲ್. ಮಿಲಿಟರಿ ಸರ್ಕಾರ ಬಂಧಿಸಿ ಹಿಂಸಿಸಿದ ಮೇಲೆ ಅವರು ದೇಶ ಬಿಟ್ಟರು. 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡಿದರು. ಓದು ಬಾರದ ಹೆಂಡತಿಗೆ ಮೋಸ ಮಾಡುವ ಗಂಡನ ಕಥೆಯನ್ನು ಅಲ್ಲಿ ಅವರ ತಂಡ ಆಡುತ್ತಿತ್ತು. ಮುಂದೇನು ಮಾಡಬೇಕೆಂದು ಪ್ರೇಕ್ಷಕರು ಹೇಳಬೇಕು, ನಟರು ಹಾಗೆ ಆಡಬೇಕು. ಒಬ್ಬ ಹೆಂಗಸಿಗೆ ನಟಿ ಆಡಿದ್ದು ಎಷ್ಟು ಸಲವಾದರೂ ಒಪ್ಪಿಗೆಯಾಗಲಿಲ್ಲ. ‘ಹಾಗಾದರೆ ನೀವೇ ಬನ್ನಿ’ ಎಂದು ಬೋಲ್ ಕರೆದರು. ಆಕೆ ಬಂದವಳೇ ಪೊರಕೆ ಹಿಡಿದು ಗಂಡನ ಪಾತ್ರಧಾರಿಗೆ ಬಾರಿಸಿದಳು! ‘ಫೋರಂ ಥಿಯೇಟರ್’ ಬೆಳೆದದ್ದು ಇಂಥ ಅನುಭವಗಳಿಂದ. 1985ರಲ್ಲಿ ಹುಟ್ಟಿದ ಪಶ್ಚಿಮ ಬಂಗಾಳದ ‘ಜನ ಸಂಸ್ಕೃತಿ’ ತಂಡ ಮುಂದೆ ಅದನ್ನು ನಮ್ಮ ದೇಶದ ಹಳ್ಳಿಗಳಲ್ಲಿ ಬೇರೂರಿಸಿತು.

ಇದರ ನಿಯಮ ಸರಳ. ಅನ್ಯಾಯದಲ್ಲಿ ಮುಗಿಯುವ ಚಿಕ್ಕ ದೃಶ್ಯವನ್ನು ಒಮ್ಮೆ ಆಡಬೇಕು. ಎರಡನೇ ಸಲ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಎದ್ದು ಬಂದು ನೊಂದವರ ಪಾತ್ರ ವಹಿಸಬಹುದು. ನೋಯಿಸುವವನನ್ನು ದಿಢೀರನೆ ಒಳ್ಳೆಯವನನ್ನಾಗಿ ಮಾಡುವಂತಿಲ್ಲ. ನಡುವೆ ನಿಂತು ಪ್ರಶ್ನೆ ಕೇಳುವವನನ್ನು ಬೋಲ್ ‘ಜೋಕರ್’ ಎಂದರು. ಇಸ್ಪೀಟಿನ ಜೋಕರ್‌ನಂತೆ ಅವನು ಯಾವ ಗುಂಪಿಗೂ ಸೇರಿದವನಲ್ಲ.

ಈ ಶಾಲೆಯಲ್ಲಿ ಓದಿದ ನಾನು ಮುಂದೆ ಬೇರೆ ಜಿಲ್ಲೆಯಲ್ಲಿ ಕನ್ನಡ ಮೇಷ್ಟ್ರಾದೆ. ಅಲ್ಲಿ ಒಂಬತ್ತನೇ ತರಗತಿಯಲ್ಲಿ ಇದನ್ನು ಮಾಡಿಸಿದ್ದೇನೆ. ತಾಂಡಾದಿಂದ ಬಂದ ಹೊಸ ಹುಡುಗಿಗೆ ಬೆಂಚಿನವರು ಬ್ಯಾಗ್ ಅಡ್ಡ ಇಟ್ಟು ‘ಜಾಗ ಇಲ್ಲ’ ಎನ್ನುತ್ತಾರೆ, ಅವಳ ಮಾತನ್ನು ಅಣಕಿಸುತ್ತಾರೆ. ಎರಡನೇ ಸಲ ಒಬ್ಬಳು ಎದ್ದು ಬಂದು ಜಗಳವಾಡಿದಳು; ಇಡೀ ಬೆಂಚು ಒಂದಾಯಿತು. ಇನ್ನೊಬ್ಬಳು ಮೇಷ್ಟ್ರಿಗೆ ದೂರು ಹೇಳಿದಳು. ಜಾಗ ಸಿಕ್ಕಿತು, ಗೆಳತಿಯರು ಸಿಗಲಿಲ್ಲ. ಮೂರನೆಯವಳು, ‘ನಿಮ್ಮಲ್ಲಿ ಒಬ್ಬರಾದರೂ ನನ್ನ ಹೆಸರು ಕೇಳಿದಿರಾ?’ ಎಂದಳು. ಬೆಂಚಿನವರಿಗೆ ಉತ್ತರ ಹೊಳೆಯಲಿಲ್ಲ. ಆಮೇಲಿನ ಚರ್ಚೆ ಹೊರಳಿದ್ದು ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತಿದ್ದವಳ ಕಡೆಗೆ. ಅವಳು ಅಣಕಿಸಲಿಲ್ಲ, ಆದರೆ ಸರಿದು ಜಾಗವನ್ನೂ ಕೊಡಲಿಲ್ಲ. ‘ನಾವೆಲ್ಲ ಅವಳೇ ಅಲ್ವಾ ಸಾರ್?’ ಎಂದ ಒಬ್ಬ ಹುಡುಗ.

ಸಮಾನತೆಯ ಪಾಠವನ್ನು ನಾನು ಎಷ್ಟೋ ವರ್ಷ ಹೇಳಿದ್ದೇನೆ. ಮಕ್ಕಳು ಬರೆದುಕೊಂಡಿದ್ದಾರೆ, ಅಂಕವನ್ನೂ ಪಡೆದಿದ್ದಾರೆ. ಆದರೆ ಆ ಪ್ರಶ್ನೆ ಬಂದದ್ದು ಅವರೇ ಎದ್ದು ಆಡಿದ ದಿನ. ಒಂದು ಎಚ್ಚರಿಕೆ ಮಾತ್ರ ಬೇಕು: ನಿಜವಾಗಿ ನೊಂದ ಮಗುವಿಗೆ ಅದೇ ಪಾತ್ರ ಕೊಡಬಾರದು, ತರಗತಿಯ ಯಾರ ಹೆಸರನ್ನೂ ಜಾತಿಯನ್ನೂ ಎತ್ತಬಾರದು.

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಪೌರಾಣಿಕ, ಸಾಮಾಜಿಕ ನಾಟಕಗಳು ಮುಂದೆಯೂ ನಡೆಯಲಿ. ಅವುಗಳ ಜೊತೆಗೆ ಇಂಥದ್ದಕ್ಕೂ ಅರ್ಧ ಗಂಟೆ ಮೀಸಲಿಡಬೇಕೆಂದು ಶಿಕ್ಷಕರಲ್ಲಿ, ಎಸ್‌ಡಿಎಂಸಿಯವರಲ್ಲಿ ನನ್ನ ವಿನಂತಿ. ಮಕ್ಕಳು ಆಡಲಿ. ಊರಿನವರು, ಹಳೆಯ ವಿದ್ಯಾರ್ಥಿಗಳಾದ ನಾವು, ‘ನಿಲ್ಲಿಸಿ’ ಎಂದು ಏಳುವ ಧೈರ್ಯ ಮಾಡೋಣ.