ಹಕ್ಕಲ ಜೋಳ

ಸುಗ್ಗಿಯ ದಿನಗಳಲ್ಲಿ ಹುನಗುಂದ ಸೀಮೆಯ ಮರೋಳದಂಥ ಊರಿನ ಎರೆಹೊಲಗಳನ್ನು ಕಂಡವರಿಗೆ ಹಕ್ಕಲು ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಬೆಳೆದವರಿಗಾಗಿ ಹೇಳುತ್ತೇನೆ. ಹಿಂಗಾರಿನ ಬಿಳಿಜೋಳವನ್ನು ಕೊಯ್ದು, ತೆನೆ ಮುರಿದು, ಕಣಕ್ಕೆ ಸಾಗಿಸಿದ ಮೇಲೂ ನೆಲದ ಬಿರುಕುಗಳಲ್ಲಿ, ದಂಟಿನ ಮರೆಯಲ್ಲಿ ಅಷ್ಟಿಷ್ಟು ತೆನೆ ಉಳಿದಿರುತ್ತದೆ. ಅದೇ ಹಕ್ಕಲು. ಬಡವರು ಅದನ್ನು ಹೊಟ್ಟೆಗಾಗಿ ಆಯುತ್ತಿದ್ದರು. ಒಕ್ಕಲುತನದ ಮನೆಗಳ ಮಕ್ಕಳು ಆಸೆಗಾಗಿ ಆಯುತ್ತಿದ್ದರು. ಬೆಳಗಿನಿಂದ ತೆನೆ ಹೊತ್ತು, ಹಕ್ಕಿ ಓಡಿಸಿ, ದುಡಿಯುವವರಿಗೆ ನೀರು ಕೊಟ್ಟ ಹುಡುಗನಿಗೆ ಸಂಜೆ ಸಿಗುತ್ತಿದ್ದ ಅಪ್ಪಣೆ ಒಂದೇ: ಹಕ್ಕಲು ಆರಿಸಿಕೋ, ಅದು ನಿನ್ನದು. ಉಡಿಯಲ್ಲಿ ಕೂಡಿದ ಆ ಜೋಳ ಅಂಗಡಿಯಲ್ಲಿ ಬೆಲ್ಲವಾಗುತ್ತಿತ್ತು, ಜಾತ್ರೆಯಲ್ಲಿ ಬೆಂಡು ಬತ್ತಾಸವಾಗುತ್ತಿತ್ತು.

ಈ ಏರ್ಪಾಡಿನಲ್ಲಿ ಒಂದು ಸೂಕ್ಷ್ಮವಿದೆ. ತಂದೆ ತನ್ನ ರಾಶಿಯಿಂದ ಅಳೆದು ಕೊಡಲಿಲ್ಲ; ಇಷ್ಟು ಮಾಡಿದರೆ ಇಷ್ಟು ಎಂದು ಕರಾರು ಹಾಕಲಿಲ್ಲ. ಬಾಗಿದಷ್ಟು ದೊರೆಯಿತು, ಬಾಗದಿದ್ದರೆ ಇಲ್ಲ. ದೊರೆತದ್ದನ್ನು ಯಾರೂ ಕಸಿಯಲಿಲ್ಲ. ಮಗುವಿನ ದುಡಿಮೆ ಮತ್ತು ಮಗುವಿನ ಫಲ ಎರಡೂ ಅದರ ಕಣ್ಣೆದುರಿಗೇ ಇದ್ದವು.

ಆಯ್ದು ತಿನ್ನುವುದಕ್ಕೂ ಒಂದು ಮಿತಿಯುಂಟೆಂದು ಕಲಿಸಿದ ಕಥೆಯೂ ಈ ಸೀಮೆಗೆ ದೂರದ್ದಲ್ಲ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಹುನಗುಂದ ಸೀಮೆಯಲ್ಲೇ ಇದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕ ಮಾಡಿಕೊಂಡ ಮಾರಯ್ಯ ರಾಯಚೂರು ಸೀಮೆಯ ಅಮರೇಶ್ವರದವನು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಮಿಕ್ಕುದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳೆಂದು ಪರಂಪರೆ ಹೇಳುತ್ತದೆ. ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ನಾವು ಲಕ್ಕಮ್ಮನ ವೈರಾಗ್ಯವನ್ನೇ ಹೊಗಳುತ್ತೇವೆ. ಆಕೆಯ ಲೆಕ್ಕದ ಬಿಗಿಯನ್ನೂ ಹೊಗಳಬೇಕು.

ಬಹುಮಾನದ ಆಸೆ ತೋರಿಸಿ ಮಗುವಿನಿಂದ ಕೆಲಸ ಮಾಡಿಸಿದರೆ ಏನಾಗುತ್ತದೆ? 1973ರಲ್ಲಿ ಅಮೆರಿಕದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ವಿದ್ವಾಂಸರು ಶಿಶುವಿಹಾರದ ಮಕ್ಕಳನ್ನು ಪರೀಕ್ಷಿಸಿ ನೋಡಿದರು. ಚಿತ್ರ ಬರೆದರೆ ಪ್ರಶಸ್ತಿಪತ್ರ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳಿಗೆ ಮುಂದೆ ಚಿತ್ರದ ಮೇಲಿನ ಒಲವು ಕುಗ್ಗಿತ್ತು. ಹೇಳದೆಯೇ ಅದೇ ಪತ್ರ ಪಡೆದವರಿಗೆ ಹಾಗಾಗಲಿಲ್ಲ. ಹಕ್ಕಲು ಈ ಎರಡರ ನಡುವಿನದು. ದೊರೆಯುವುದೆಂದು ಹುಡುಗನಿಗೆ ಗೊತ್ತು, ಎಷ್ಟೆಂದು ಮಾತ್ರ ಗೊತ್ತಿಲ್ಲ.

ಹೊಲದಿಂದ ಇಳಕಲ್ಲಿನ ಕುಣಿಮಗ್ಗಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಆ ಸೀರೆಯ ಹಿಂದೆ ನೇಕಾರನೊಬ್ಬನ ಕೈಯಷ್ಟೇ ಅಲ್ಲ, ಇಡೀ ಮನೆ ಇರುತ್ತದೆ. ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುವುದು ಹೆಂಗಸರ, ಮಕ್ಕಳ ಪಾಲಿನ ಕೆಲಸವಾಗಿತ್ತು. ಆದರೆ ಮಜೂರಿ ಬರುವುದು ಸೀರೆಗೆ. ಕಂಡಿಕೆಯ ದುಡಿಮೆ ಅದರೊಳಗೇ ಕರಗಿಹೋಗುತ್ತದೆ. ಹೊಲದಲ್ಲಿ ಉಳಿದ ತೆನೆಯಂತೆ ಮಗ್ಗದಲ್ಲಿ ಮಗುವಿಗೆಂದು ಉಳಿಯುವುದು ಏನೂ ಇಲ್ಲ. ಅಪ್ಪ ಸಂತೆಯ ದಿನ ಕೈಗಿಟ್ಟ ಬಿಡಿಕಾಸು ಅವನ ಪ್ರೀತಿಯೇ ಹೊರತು ಮಗುವಿನ ಗಳಿಕೆಯಲ್ಲ.

ಇಲ್ಲಿಂದ ಒಂದೇ ಹೆಜ್ಜೆ ಮುಂದೆ ಕತ್ತಲೆಯಿತ್ತು. ಮನೆಯ ಕೆಲಸ ಕಲಿತ ಹುಡುಗನನ್ನು ಸಾಲದ ಮುಂಗಡಕ್ಕೆ ಬೇರೆಯವರ ಮನೆಯಲ್ಲಿ ಇಡುವುದು ಒಂದೆರಡು ಊರುಗಳ ಮಾತಾಗಿರಲಿಲ್ಲ. ದನ ಕಾಯುವ ಹುಡುಗನ ವರ್ಷದ ಕಾಳು ತಂದೆಯ ಚೀಲ ಸೇರುತ್ತಿತ್ತು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿಯಿತ್ತ ಕಾರ್ಮಿಕ ರಾಯಲ್ ಆಯೋಗವು ಅಮೃತಸರದ ಜಮಖಾನೆಗಳಲ್ಲಿ, ಮದರಾಸಿನ ಬೀಡಿ ಕೆಲಸದಲ್ಲಿ ಇಂಥ ಒತ್ತೆಯನ್ನು ಕಂಡಿತು. ಅದರ ಫಲವಾಗಿ ಬಂದದ್ದು 1933ರ ಮಕ್ಕಳ ದುಡಿಮೆ ಒತ್ತೆ ನಿಷೇಧದ ಕಾಯಿದೆ. ಅದು ಹದಿನೈದು ವರ್ಷ ತುಂಬದವರನ್ನು ಮಕ್ಕಳೆಂದು ಕರೆದು, ಅವರ ದುಡಿಮೆಯನ್ನು ಒತ್ತೆಯಿಡುವ ಕರಾರುಗಳನ್ನು ಅಸಿಂಧು ಮಾಡಿತು. ನ್ಯಾಯವಾದ ಕೂಲಿಯ ಹೊರತು ಬೇರೆ ಲಾಭವಿಲ್ಲದ, ಮಗುವಿಗೆ ಕೆಡುಕಾಗದ, ಒಂದು ವಾರದ ಸೂಚನೆಯಿಂದ ಮುರಿಯಬಹುದಾದ ಕರಾರನ್ನು ಮಾತ್ರ ಹೊರಗಿಟ್ಟಿತು. ಬಿಟ್ಟುಹೋಗುವ ಸ್ವಾತಂತ್ರ್ಯವನ್ನು ಅಳೆಯಲು ಕಾನೂನಿಗೆ ಆಗ ಸಿಕ್ಕ ಮಾನ ಆ ಒಂದು ವಾರ. ಹಕ್ಕಲಿನ ಹುಡುಗನಿಗೆ ಅಷ್ಟೂ ಬೇಕಿರಲಿಲ್ಲ. ಬೇಸರ ಬಂದ ಕ್ಷಣ ಉಡಿ ಬಿಗಿದು ಮನೆಗೆ ಓಡಬಹುದಿತ್ತು.

ಮುಂದಿನ ಕಾಯಿದೆಗಳು ಶಾಲೆಯ ಗಂಟೆಯನ್ನು ಆಧಾರವಾಗಿ ಹಿಡಿದವು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿ ಹದಿನಾಲ್ಕು ತುಂಬದವರನ್ನು ಎಲ್ಲ ಉದ್ಯೋಗಗಳಿಂದ ದೂರವಿಟ್ಟಿತು. ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆಯ ಕಸುಬಿಗೆ ನೆರವಾಗುವುದನ್ನು ಬಿಟ್ಟುಕೊಟ್ಟಿತು. ಹಕ್ಕಲು ಆಯುವುದಕ್ಕೆ ಇದರಲ್ಲಿ ಎಡೆಯುಂಟು. ಸುತ್ತಿದ್ದರ, ಆಯ್ದದ್ದರ ಫಲ ಯಾರ ಉಡಿಗೆ ಎಂಬ ಮಾತು ಮಾತ್ರ ಅದರಲ್ಲಿಲ್ಲ. ಅದನ್ನು ಇಂದಿಗೂ ಅಪ್ಪ ಅವ್ವಂದಿರೇ ಸಂಜೆಯ ಹೊತ್ತಿಗೆ, ಹೊಲದ ಬದುವಿನಲ್ಲೋ ಮಗ್ಗದ ಕುಣಿಯ ಪಕ್ಕದಲ್ಲೋ ನಿಂತು ತೀರ್ಮಾನಿಸಬೇಕಾಗಿದೆ.